ನಮ್ಮ ವಂಶದಲ್ಲಿ ಯಾರಿಗೂ ಶುಗರ್ ಇಲ್ಲ

ಸುದ್ದಿ ಗಂಭೀರವಾದದ್ದು: ಮಾಲೂರಿನಲ್ಲಿ ನನ್ನ ತಂಗಿಯ ಮಗಳು ಯುಗಾದಿಯ ದಿನ ಒಬ್ಬಟ್ಟು ಬೇಡವೆಂದಳು. ಮಧ್ಯಾಹ್ನದೊಳಗೆ ಎಸ್‌ಟಿಡಿ ಬೂತುಗಳ ಮೂಲಕ ವಿಷಯ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಮುಟ್ಟಿತು. ನಮ್ಮ ಬಂಧುವರ್ಗದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಕಾಯಿಲೆ ಬಂದದ್ದು ಯಾರಿಗೂ ತಿಳಿಯುವುದಿಲ್ಲ. ಒಬ್ಬಟ್ಟು ಬಿಟ್ಟದ್ದು ಎಲ್ಲರಿಗೂ ತಿಳಿಯುತ್ತದೆ.

ಹುಡುಗಿಗೆ ಹತ್ತೊಂಬತ್ತು, ಕಡ್ಡಿಯಂತಿದ್ದಾಳೆ, ಶುಗರ್ ಬಂದಿತ್ತು. ದಿನಕ್ಕೆರಡು ಇಂಜೆಕ್ಷನ್, ಜೀವನಪೂರ್ತಿ ಎಂದಿದ್ದರು. ಬೆಂಗಳೂರಿನ ಡಾಕ್ಟರೊಬ್ಬರು ಮಾತ್ರ, "ವಂಶದಲ್ಲಿ ಇಳಿದು ಬಂದು ಎಳೆಯ ವಯಸ್ಸಿಗೇ ಕಾಣಿಸುವ ಒಂದು ಬಗೆ ಇದೆ. ಅದಾದರೆ ಮಾತ್ರೆಯೇ ಸಾಕಾಗಬಹುದು. ಮನೆತನದಲ್ಲಿ ಯಾರ್ಯಾರಿಗೆ ಚಿಕ್ಕಂದಿನಲ್ಲೇ ಬಂದಿತ್ತು, ಪಟ್ಟಿ ತನ್ನಿ" ಎಂದರು.

ಅವಳನ್ನು ಸೂಜಿಯಿಂದ ಬಿಡಿಸಲು ನನಗೀಗ ರೋಗಿಗಳು ಬೇಕಾಗಿದ್ದರು. ಬಹಳ ಹುರುಪಿನಿಂದ ಹೊರಟೆ.

ಗುಲಾಬಿ ಗಿಡದ ಮಾತ್ರೆ

ಮುಳಬಾಗಿಲಿನ ಸೋದರತ್ತೆ ಬಾಗಿಲಲ್ಲೇ ಹೇಳಿದರು: "ನಮಗ್ಯಾರಿಗೂ ಇಲ್ಲ ಅಂತ ಬರ್ಕೊಳೋ. ಮಗಳು ಮದುವೆಗಿದ್ದಾಳೆ."

ದೇವರ ಗೂಡಿನಲ್ಲಿ ಅರಿಶಿನದ ಬಟ್ಟಲ ಹಿಂದೆ ಮಾತ್ರೆಗಳಿದ್ದವು.

"ಇದೇನತ್ತೆ?"

"ಗುಲಾಬಿ ಗಿಡಕ್ಕೆ ಕಣೋ. ಚೆನ್ನಾಗಿ ಹೂ ಬಿಡುತ್ತೆ."

"ಯಾವಾಗಿಂದ ಹಾಕ್ತಿದೀರ?"

"ನಂಗೆ ಇಪ್ಪತ್ತೆರಡಾದಾಗಿಂದ."

"ದಿನಕ್ಕೆಷ್ಟು?"

"ಒಂದೇ. ತಿಂಡಿಗೆ ಮುಂಚೆ."

ಜಾತಕ

ಶ್ರೀನಿವಾಸಪುರದ ದೊಡ್ಡಪ್ಪನಿಗೆ ಮಾವಿನ ತೋಟವಿದೆ. ಹಣ್ಣು ಮಾತ್ರ ಮುಟ್ಟುವುದಿಲ್ಲ. "ಮೊದಲಿಂದ ನಂಗೆ ಮಾವು ಸೇರಲ್ಲಪ್ಪ" ಎಂದರು.

"ಅನ್ನೀ ಅಬದ್ಧಾಲು!" ಎಂದು ದೊಡ್ಡಮ್ಮ ಒಳಗಿನಿಂದ ಕೂಗಿದರು. ಎಲ್ಲಾ ಸುಳ್ಳು ಎಂಬುದನ್ನು ಅವರು ತೆಲುಗಿನಲ್ಲೇ ಹೇಳುವುದು. "ಮದುವೆಗೆ ಮುಂಚಿಂದ ಇದೆ. ನಿಮ್ಮ ತಾತಂಗೂ ಇತ್ತು, ನಿಮ್ಮಪ್ಪಂಗೂ ಇತ್ತು. ನಮ್ಮಪ್ಪಂಗೆ ಒಂದು ಮಾತು ಹೇಳಲಿಲ್ಲ!"

"ನಿಮ್ಮಪ್ಪ ಜಾತಕ ಕೇಳಿದ್ರು, ಕೊಟ್ವಿ" ಎಂದರು ದೊಡ್ಡಪ್ಪ.

ನನ್ನ ತಂದೆಯ ಕಾಯಿಲೆ ನನಗೆ ಗೊತ್ತಾದದ್ದು ಆಗಲೇ. ಒಂದೇ ಮನೆಯಲ್ಲಿ ಮೂವರು! ಸಂತೋಷ ತಡೆಯಲಾರದೆ ದೊಡ್ಡಪ್ಪನ ಕೈ ಕುಲುಕಿದೆ.

ಪಟ್ಟಿಯಿಂದ ಹುಡುಗಿಗೆ ಉಪಕಾರವೆಂದು ತಿಳಿದು ಕೋಲಾರದ ಭಾವ ತಾವಾಗಿಯೇ ಬಂದರು. "ನಂದೂ ಬರ್ಕೊಳ್ಳಿ, ಮುನ್ನೂರಿದೆ!" ಅವರು ನಮ್ಮಕ್ಕನನ್ನು ಮದುವೆಯಾದವರು, ಅವರದು ಬೇರೆ ವಂಶದ ಶುಗರ್. ತೆಗೆದುಕೊಳ್ಳಲಾಗುವುದಿಲ್ಲ ಎಂದೆ. ಎರಡು ತಿಂಗಳು ಮಾತು ಬಿಟ್ಟರು.

ಅಕ್ಕಿ ಡಬ್ಬ

ಡಾಕ್ಟರು ಪಟ್ಟಿ ನೋಡಿ, ತಂಗಿಯ ಕಡೆ ತಿರುಗಿದರು. "ನಿಮ್ಮ ತಾತ, ನಿಮ್ಮ ತಂದೆ, ಈಗ ನಿಮ್ಮ ಮಗಳು. ನಡುವೆ ನೀವು. ನಿಮಗಿದೆಯಾ ಅಮ್ಮ?"

ತಂಗಿ ಪಕ್ಕದಲ್ಲಿ ಕೂತಿದ್ದ ತನ್ನ ಅತ್ತೆಯನ್ನು ನೋಡಿದಳು. "ಇಲ್ಲ ಡಾಕ್ಟ್ರೇ."

"ಇದೆ, ಬರ್ಕೊಳ್ಳಿ" ಎಂದರು ಅತ್ತೆ. "ಅಕ್ಕಿ ಡಬ್ಬದಲ್ಲಿ ಮಾತ್ರೆ ಬಚ್ಚಿಡ್ತಾಳೆ. ಮನೆಗೆ ಬಂದ ವರ್ಷವೇ ನೋಡ್ದೆ. ಅಂಗಡೀಲಿ ಕೇಳೋಕೆ ಇವಳಿಗೆ ನಾಚಿಕೆ. ಮುಗಿಯೋಕೆ ಬಂದಾಗೆಲ್ಲ ನಾನೇ ತಂದು ಹಾಕ್ತಿದೀನಿ."

"ನೀವಾ ಅತ್ತೆ?" ತಂಗಿ ಬಾಯಿ ತೆರೆದಳು. "ಇಷ್ಟು ವರ್ಷ ನಾನು ದೇವರು ಅಂದ್ಕೊಂಡಿದ್ದೆ!"

"ದೇವರು ಮೆಡಿಕಲ್ ಸ್ಟೋರಿಗೆ ಹೋಗ್ತಾನೇನೇ?"

ಹುಡುಗಿಯ ರಕ್ತ ಪರೀಕ್ಷೆಗೆ ಹೋಯಿತು. ವಂಶದ ಬಗೆಯೇ ಎಂದು ವರದಿ ಬಂತು. ಡಾಕ್ಟರು ಇಂಜೆಕ್ಷನ್ ನಿಲ್ಲಿಸಿದರು. ಈಗ ದಿನಕ್ಕೆ ಅರ್ಧ ಮಾತ್ರೆ ಸಾಕಾಗಿದೆ.