ದೊಡ್ಡಪ್ಪ ಟವೆಲ್ ಹಾಕಿದ ಸೀಟು

ನಮ್ಮ ದೊಡ್ಡಪ್ಪನ ಪಕ್ಕದಲ್ಲಿ ಕೂರುವುದೂ ಒಂದೇ, ಪರೀಕ್ಷೆಗೆ ಕೂರುವುದೂ ಒಂದೇ! ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು. ಯಾವ ದಿನ ಅವರ ಟವೆಲ್ ಹಸಿರು, ಯಾವ ದಿನ ನೀಲಿ ಎಂದರೆ ತಡವರಿಸುತ್ತೇನೆ. ಆದರೆ ಅವರ ಪ್ರಶ್ನೆಗಳು? ಮರೆಯಲು ಅವರು ಬಿಟ್ಟರೆ ತಾನೇ!

ತಪ್ಪೆಲ್ಲ ನನ್ನ ಪುಸ್ತಕದ್ದು. ಡಿಗ್ರಿಯಲ್ಲಿ ನಾನು ತತ್ತ್ವಶಾಸ್ತ್ರ ತೆಗೆದುಕೊಂಡಾಗ ದೊಡ್ಡಪ್ಪ ಅದನ್ನು ತೆರೆದು ನೋಡಿದರು. ಯಾವುದು ನಿಜ? ನಿಜವೆಂದು ಗೊತ್ತಾಗುವುದು ಹೇಗೆ? ಎಲ್ಲ ಬದಲಾದ ಮೇಲೂ ವಸ್ತು ಅದೇ ಆಗಿರುತ್ತದೆಯೇ? ಉತ್ತರಗಳು ಶುರುವಾಗುವ ಮೊದಲೇ ಪುಸ್ತಕ ಮುಚ್ಚಿಬಿಟ್ಟರು!

"ಇಷ್ಟು ಸಾಕು ಕಣಮ್ಮಾ. ಮಿಕ್ಕಿದ್ದು ರೈಲಲ್ಲಿ ನೋಡ್ಕೊತೀನಿ!"

ಅವರಿಗೆ ಬಂಗಾರಪೇಟೆಯಲ್ಲಿ ಹೊಲಿಗೆ ಅಂಗಡಿ. ಅವರ ತಮ್ಮ, ಅಂದರೆ ನಮ್ಮಪ್ಪ, ಅಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾರೆ. ಕಾಲೇಜಿಗೆ ಹೋಗುವ ನಾನೂ ಸೇರಿ ಮೂವರೂ ಹತ್ತುವುದು ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿಗೆ. ಒಮ್ಮೆ ಟಿಕೆಟ್ ಕೇಳಿದವರಿಗೇ ದೊಡ್ಡಪ್ಪ ಗಂಟುಬಿದ್ದರು:

"ನೆನ್ನೆ ಪಾಸ್ ತಗೊಂಡೋನೂ ಇವತ್ತು ಕೂತಿರೋ ನಾನೂ ಒಬ್ನೇ ಅಂತ ಎಂಗೇಳ್ತೀರಾ ಸಾರ್?"

"ಬೇರೆ ಬೇರೆ ಅಂತಾನೇ ಇಟ್ಕೊಳ್ಳಿ. ದಂಡ ಮಾತ್ರ ಕೂತಿರೋರೇ ಕಟ್ಬೇಕು!"

ಪಾಸು ತಾನಾಗಿಯೇ ಜೇಬಿನಿಂದ ಹೊರಗೆ ಬಂತು!

ಕಳೆದ ಆಯುಧಪೂಜೆಯ ದಿನ ಮಾತ್ರ ಎಡವಟ್ಟಾಯಿತು. ಅಪ್ಪ ತಾತನ ಸೈಕಲ್ ತೊಳೆದು, ಹೂವು ಹಾಕಿ, ಕರ್ಪೂರ ಹಚ್ಚುತ್ತಿದ್ದರು. ದೊಡ್ಡಪ್ಪ ಸುಮ್ಮನಿರಬಾರದೇ?

"ಟಯರು ಓಯ್ತು, ಆಂಡಲ್ ಓಯ್ತು, ಈಗ ಫ್ರೇಮೂ ಒಸದು. ಇದು ಇನ್ನೂ ಅಪ್ಪನ ಸೈಕಲ್ ಎಂಗಾಯ್ತದ್ಲಾ?"

ಅಪ್ಪನ ಕೈಯಲ್ಲಿ ಕರ್ಪೂರ ಆರಿತು. "ಅಂಗಾದ್ರೆ ಇಷ್ಟು ವರ್ಸ ನಾನ್ಯಾರಿಗಣ್ಣಾ ಪೂಜೆ ಮಾಡಿದ್ದು?"

ಅಣ್ಣನೊಡನೆ ಅಪ್ಪ ಆಡಿದ ಕೊನೆಯ ಮಾತು ಅದು.

ನಮ್ಮ ರೈಲಿನಲ್ಲಿ ಒಂದು ಕಾನೂನಿದೆ: ಸೀಟಿನ ಮೇಲೆ ಟವೆಲ್ ಇದ್ದರೆ ಮನುಷ್ಯನೇ ಕೂತಂತೆ! ದೊಡ್ಡಪ್ಪ ಮೊದಲಿನಂತೆ ಈಗಲೂ ಓಡಿಬಂದು ತಮ್ಮನಿಗೆಂದು ಪಕ್ಕದಲ್ಲಿ ಟವೆಲ್ ಹಾಸುತ್ತಾರೆ. ಅಪ್ಪ ಬಾಗಿಲ ಬಳಿಯೇ ನಿಲ್ಲುತ್ತಾರೆ.

ಮೊನ್ನೆ ನಾನು ಜನರ ನಡುವೆ ಸಿಕ್ಕಿಕೊಂಡು ನಿಂತಿದ್ದೆ. ಹೂವಿನ ಬುಟ್ಟಿಯ ಹೆಂಗಸೊಬ್ಬರು ದೊಡ್ಡಪ್ಪನನ್ನು ಹಿಡಿದುಕೊಂಡರು:

"ಅಣ್ಣಾ, ಇಲ್ಲಿ ಯಾರವ್ರೆ?"

"ನಮ್ ತಮ್ಮ. ಅಗೋ, ಬಾಗಿಲ್ತಾವ ನಿಂತವ್ನೆ."

"ಅಯ್ಯೋ ಸಾಮಿ! ಅಲ್ಲಿರೋನಿಗೆ ಇಲ್ಲಿ ಸೀಟು, ಇಲ್ಲಿರೋ ನನಗಿಲ್ವಾ?"

"ನೀನು ಇಲ್ಲಿದೀಯ ಅನ್ನಾಕೆ ಸಾಕ್ಷಿ ಏನಮ್ಮಾ?"

"ಕಾಲು ನೋಯ್ತೈತೆ, ಸಾಲ್ದಾ?"

ಬೋಗಿಯೆಲ್ಲ ನಕ್ಕಿತು! ದೊಡ್ಡಪ್ಪ ಎದ್ದು ತಾವು ಕೂತಿದ್ದ ಜಾಗವನ್ನೇ ಆಕೆಗೆ ಕೊಟ್ಟರು. ಟವೆಲ್ ಮಾತ್ರ ಮುಟ್ಟಲಿಲ್ಲ. ಬಂಗಾರಪೇಟೆಯವರೆಗೂ ಅಣ್ಣ ಇಲ್ಲಿ ನಿಂತರು, ತಮ್ಮ ಅಲ್ಲಿ ನಿಂತರು. ಅಷ್ಟು ನೂಕುನುಗ್ಗಲಿನಲ್ಲೂ ಟವೆಲ್ ಹಾಯಾಗಿ ಕೂತು ಬಂತು.

ಆ ಸಂಜೆ ಅಪ್ಪ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ:

"ರೈಲಿಗೆ ಅಷ್ಟೊಂದು ಬೋಗಿ ಇದಾವಲ್ಲಪ್ಪಾ, ದಿನಾ ದೊಡ್ಡಪ್ಪ ಇರೋ ಬೋಗಿಗೇ ಯಾಕೆ ಹತ್ತುತ್ತೀಯ?"