ಬಿಸಿನೀರು ಮತ್ತು ಉಪನಿಯಮ ಹದಿನಾಲ್ಕು

ನಮ್ಮ ಸಂಸ್ಥೆಯ ಉಪನಿಯಮ ಹದಿನಾಲ್ಕರ ಪ್ರಕಾರ, ಸಂಸ್ಥೆಯಿಂದ ಯಾವುದೇ ಪ್ರಯೋಜನ ಪಡೆಯುವ ವ್ಯಕ್ತಿ ಅದರ ಟ್ರಸ್ಟಿಯಾಗಿರತಕ್ಕದ್ದಲ್ಲ. ಉಪನಿಯಮ ಹದಿನೈದರ ಪ್ರಕಾರ, ಟ್ರಸ್ಟಿಗಳಲ್ಲಿ ಒಬ್ಬರಾದರೂ ಸಂಸ್ಥೆಯಲ್ಲೇ ವಾಸವಾಗಿರುವ ಹಿರಿಯರಾಗಿರತಕ್ಕದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಹೊರಗಿನವರು ನಗಬಹುದು. ಆದರೆ ಈ ಎರಡರ ನಡುವೆ ಯಾವ ವಿರೋಧವೂ ಇಲ್ಲವೆಂದು ನಮ್ಮ ಕಾನೂನು ಸಲಹೆಗಾರರು ಲಿಖಿತ ಅಭಿಪ್ರಾಯ ಕೊಟ್ಟಿದ್ದಾರೆ. ಅದಕ್ಕೆ ಅವರು ಪಡೆದ ಶುಲ್ಕವನ್ನು ನೋಡಿದ ಮೇಲೆ ಅಭಿಪ್ರಾಯವನ್ನು ಅನುಮಾನಿಸುವ ಧೈರ್ಯ ಯಾರಿಗೂ ಉಳಿಯುವುದಿಲ್ಲ.

ನಾನು ಈ ಸಂಸ್ಥೆಯ ವ್ಯವಸ್ಥಾಪಕ. ನೋಡಿಕೊಳ್ಳುವವರಿಲ್ಲದ ಹಿರಿಯರನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ನಮ್ಮಲ್ಲಿ ಖರ್ಚಿಗೆ ಎರಡು ಲೆಕ್ಕಶೀರ್ಷಿಕೆಗಳಿವೆ: ಒಂದು 'ಆಡಳಿತ', ಇನ್ನೊಂದು 'ಹಿರಿಯರ ಆರೈಕೆ'. ಬಂದ ದೇಣಿಗೆ ಮೊದಲು ಆಡಳಿತಕ್ಕೆ ಹೋಗುತ್ತದೆ, ಅದು ತುಂಬಿ ತುಳುಕಿದ್ದು ಆರೈಕೆಗೆ. ಆಡಳಿತವೇ ಸೊರಗಿದರೆ ಆರೈಕೆ ಮಾಡುವವರು ಯಾರು? ಇದಲ್ಲದೆ ಆಪತ್ಕಾಲದ ನಿಧಿ ಅಂತ ಒಂದಿದೆ. ಅದನ್ನು ಆಪತ್ತಿನಲ್ಲಿ ಮಾತ್ರ ಮುಟ್ಟಬೇಕು. ಆಪತ್ತು ಎಂದರೇನು ಎಂದು ತಿಳಿಯಲು ಹಿಂದೊಮ್ಮೆ ಉಪಸಮಿತಿ ರಚಿಸಿದ್ದೆವು. ನಿಧಿ ಕರಗುವುದೇ ಆಪತ್ತು ಎಂದು ಅದು ವರದಿ ಕೊಟ್ಟಿತು. ಅಂದಿನಿಂದ ನಿಧಿ ಕ್ಷೇಮವಾಗಿದೆ.

ಚಳಿ ಶುರುವಾದ ವಾರ ಹಿರಿಯರ ವಿಭಾಗದ ಬಾಯ್ಲರ್ ಕೆಟ್ಟಿತು. ಆರೈಕೆಯ ಶೀರ್ಷಿಕೆಯಲ್ಲಿ ಆಗ ಉಳಿದಿದ್ದು ಶೀರ್ಷಿಕೆ ಮಾತ್ರ. ಹಿರಿಯರು ಕೆಲವು ದಿನ ತಣ್ಣೀರಿನಲ್ಲಿ ಸ್ನಾನ ಮಾಡಿದರು, ಕೆಲವು ದಿನ ಮಾಡಲಿಲ್ಲ. ಎಲ್ಲರಿಗಿಂತ ಕಷ್ಟವಾಗಿದ್ದು ನರ್ಸಮ್ಮನಿಗೆ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ಕಂಡವರ ಮೈಗೆ ಹದವಾದ ನೀರು ಹಾಕಿದವರು ಅವರು. ಈಗ ಅವರ ಮಂಡಿ ಮಡಿಸಲು ಬರುತ್ತಿರಲಿಲ್ಲ, ತಣ್ಣೀರು ತಾಗಿದರೆ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಆದರೂ ಬಾಯಿಬಿಟ್ಟು ಹೇಳುವವರಲ್ಲ. ಅವರ ಪರವಾಗಿ ಹೇಳಲು ಅದೇ ಕೋಣೆಯ ಟೈಲರ್ ಅಜ್ಜಿ ಇದ್ದರು. ನಲವತ್ತು ವರ್ಷ ಊರಿನವರ ಅಳತೆ ತೆಗೆದ ಹೆಂಗಸು, ಯಾರಿಗೂ ಹೆದರುತ್ತಿರಲಿಲ್ಲ.

"ಏನಪ್ಪಾ ಮ್ಯಾನೇಜರ್, ಇವಳು ಚಳಿಗೆ ಹೋಗ್ಬಿಟ್ರೆ ಅದು ಆಪತ್ತಾ, ಅಲ್ವಾ?"

"ದುಃಖದ ವಿಷಯ ಅಜ್ಜಿ. ಆದ್ರೆ ಉಪಸಮಿತಿ ವರದಿಯಲ್ಲಿ ಅದು ಬರಲ್ಲ."

"ಯಾರನ್ನ ಕೇಳಿದ್ರೆ ಬರತ್ತೆ?"

"ಟ್ರಸ್ಟಿಗಳನ್ನ."

"ಹಾಗಾದ್ರೆ ನಾನೇ ಟ್ರಸ್ಟಿ ಆಗ್ತೀನಿ ಬಿಡು," ಎಂದು ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು.

ಕಾಲವೂ ಕೂಡಿ ಬಂದಿತ್ತು. ಉಪನಿಯಮ ಹದಿನೈದರ ಕುರ್ಚಿ ಹಲವು ವರ್ಷಗಳಿಂದ ಖಾಲಿಯಿದ್ದು, ಅದನ್ನು ತುಂಬದಿದ್ದರೆ ಅನುದಾನ ನಿಲ್ಲಿಸುವುದಾಗಿ ಇಲಾಖೆ ಆಗಷ್ಟೇ ಬರೆದಿತ್ತು. ಚುನಾವಣೆ ನಡೆಯಿತು. ಅಜ್ಜಿಯ ಪ್ರಣಾಳಿಕೆಯಲ್ಲಿ ಒಂದೇ ಮಾತು: ಬಿಸಿನೀರು. ಎದುರಾಳಿಯಾಗಿ ನಿಂತಿದ್ದ ಕಂಡಕ್ಟರ್ ತಾತ ಕೂಡ ತಮ್ಮ ಮತವನ್ನು ಅವರಿಗೇ ಹಾಕಿದರು. ಪಾತ್ರೆ ವ್ಯಾಪಾರದಲ್ಲಿ ಹೆಸರು ಮಾಡಿದ ನಮ್ಮ ಅಧ್ಯಕ್ಷರು ಸ್ವತಃ ಹಾರ ಹಾಕಿ, "ಇನ್ನು ಮೇಲೆ ಹಿರಿಯರ ದನಿ ಸಭೆಯಲ್ಲಿ ಕೇಳಿಸುತ್ತದೆ" ಎಂದು ಸಾರಿದರು.

ಮೊದಲ ಸಭೆಯಲ್ಲಿ ಮೊದಲ ವಿಷಯವೇ ಬಾಯ್ಲರ್. ಅಧ್ಯಕ್ಷರು ಅದನ್ನು ಓದುತ್ತಿದ್ದಂತೆ ಕಾನೂನು ಸಲಹೆಗಾರರು ಕೈ ಎತ್ತಿದರು. ಅವರು ತಣ್ಣೀರನ್ನೂ ಆರಿಸಿ ಕುಡಿಯುವ ಸ್ವಭಾವದವರು.

"ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರ್ಬೇಕಾಗತ್ತೆ."

"ಯಾಕಪ್ಪಾ?"

"ಬಿಸಿನೀರಿನ ವಿಷಯ. ಇದ್ರಲ್ಲಿ ನಿಮಗೆ ಸ್ವಂತ ಹಿತ ಇದೆ. ನೀವು ಸ್ನಾನ ಮಾಡ್ತೀರಲ್ವಾ?"

"ನೀವ್ಯಾರೂ ಮಾಡಲ್ವಾ?"

"ನಾವು ನಮ್ಮನಮ್ಮ ಮನೇಲಿ ಮಾಡ್ತೀವಿ. ಅದು ಬೇರೆ."

"ಅಂದ್ರೆ, ಬಿಸಿನೀರು ಬೇಡದೇ ಇರೋರು ಮಾತ್ರ ಬಿಸಿನೀರಿನ ಬಗ್ಗೆ ಮಾತಾಡ್ಬಹುದು?"

"ಎಷ್ಟು ಚೆನ್ನಾಗಿ ಹೇಳಿದ್ರಿ!" ಎಂದು ಸಲಹೆಗಾರರು ಮನಸಾರೆ ಮೆಚ್ಚಿದರು.

ಅಜ್ಜಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು. ಒಳಗೆ ಬಹಳ ಹೊತ್ತು, ಬಹಳ ಕರುಣೆಯಿಂದ ಚರ್ಚೆ ನಡೆಯಿತು. ಚಹಾ ಎರಡು ಸಲ ಬಂತು. ಕೊನೆಗೆ, ತಣ್ಣೀರಿನ ಅನುಭವವುಳ್ಳ ಒಬ್ಬ ಸದಸ್ಯರೂ ಕೊಠಡಿಯಲ್ಲಿ ಇಲ್ಲದ ಕಾರಣ ನಿರ್ಧಾರವನ್ನು ಮುಂದೂಡಲಾಯಿತು. ಅಜ್ಜಿ ಒಳಬಂದು ಏನಾಯಿತೆಂದು ಕೇಳಿದಾಗ, ಅದನ್ನು ಅವರಿಗೆ ಹೇಳುವಂತಿಲ್ಲವೆಂದು ತಿಳಿಸಲಾಯಿತು.

ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಸಲಹೆಗಾರರಿಗೆ ಒಂದು ನಿಯಮ ಸಿಕ್ಕರೆ ಅದರ ಬೇರು ಕೀಳುವವರೆಗೆ ನಿದ್ದೆ ಬರುವುದಿಲ್ಲ. ಅಜ್ಜಿ ಮಲಗುವ ಮಂಚ ಸಂಸ್ಥೆಯದು, ಉಣ್ಣುವ ಅನ್ನ ಸಂಸ್ಥೆಯದು, ನುಂಗುವ ಗುಳಿಗೆಯೂ ಸಂಸ್ಥೆಯದೇ. ಇದೆಲ್ಲ ಪ್ರಯೋಜನವಲ್ಲದೆ ಮತ್ತೇನು? ಆದ್ದರಿಂದ ಟ್ರಸ್ಟಿಯಾದ ಗಳಿಗೆಯಿಂದಲೇ ಅಜ್ಜಿಯ ಮಂಚ, ಊಟ, ಗುಳಿಗೆಗಳನ್ನು ಹಿಂಪಡೆಯತಕ್ಕದ್ದೆಂದು ಅವರು ಅಭಿಪ್ರಾಯಪಟ್ಟರು. ಹಾಗೆಂದು ಅಜ್ಜಿಯನ್ನು ಹೊರಗೆ ಕಳಿಸುವ ಹಾಗೂ ಇಲ್ಲ, ಹದಿನೈದರ ಪ್ರಕಾರ ಅವರು ಇಲ್ಲೇ ವಾಸಿಸಬೇಕು.

"ಹಾಗಾದ್ರೆ ನಾನು ಎಲ್ಲಿ ಮಲಗ್ಲಿ ಮಹರಾಯಾ? ಗಾಳಿಯಲ್ಲಾ?" ಎಂದರು ಅಜ್ಜಿ.

ನಾನು ಉಪನಿಯಮಗಳ ಪುಸ್ತಕವನ್ನು ಸಲಹೆಗಾರರ ಮುಂದೆ ಸರಿಸಿದೆ. ಅವರು ಕೈಬಿಡಲಿಲ್ಲ. ಸಭೆಗೆ ಬಂದ ಟ್ರಸ್ಟಿಗೆ, ಸಭೆ ಮುಗಿಯುವವರೆಗೆ, ಅತಿಥಿ ಕೊಠಡಿ, ಊಟ, ಅಗತ್ಯ ಔಷಧ ಹಾಗೂ ಬಿಸಿನೀರು ಒದಗಿಸತಕ್ಕದ್ದೆಂಬ ಇನ್ನೊಂದು ಉಪನಿಯಮವನ್ನು ಅವರು ಹುಡುಕಿ ತೆಗೆದರು. ಅದು ಪ್ರಯೋಜನವಲ್ಲ, ಮರ್ಯಾದೆ. ಖರ್ಚು ಆಡಳಿತದ ಶೀರ್ಷಿಕೆಗೆ ಬೀಳುತ್ತದೆ. ಬಾಯ್ಲರಿನ ವಿಷಯ ಮುಂದೂಡಿದ್ದರಿಂದ ಸಭೆ ತಾಂತ್ರಿಕವಾಗಿ ಇನ್ನೂ ಮುಗಿದಿರಲಿಲ್ಲ. ಮುಗಿಯುವ ಲಕ್ಷಣವೂ ಇರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಟೈಲರ್ ಅಜ್ಜಿ ಅಂದೇ ಸಂಜೆ ತಮ್ಮ ಕತ್ತರಿ, ಕನ್ನಡಕಗಳೊಂದಿಗೆ ಅತಿಥಿ ಕೊಠಡಿಗೆ ಬಿಜಯಂಗೈದರು.

ಇದರಿಂದ ತೊಂದರೆಯಾಗಿದ್ದು ಅಧ್ಯಕ್ಷರೊಬ್ಬರಿಗೆ ಮಾತ್ರ. ಅವರು ಸಭೆಯಿದ್ದ ದಿನ, ಸಭೆಯಿಲ್ಲದ ದಿನವೂ, ಮಧ್ಯಾಹ್ನ ಆ ಕೊಠಡಿಯಲ್ಲಿ ಒಂದು ನಿದ್ದೆ ತೆಗೆಯುತ್ತಿದ್ದರು. ದೊಡ್ಡ ಮನೆ, ಮೆತ್ತನೆ ಹಾಸಿಗೆ ಎಲ್ಲ ಇದ್ದರೂ ಮನೆಯಲ್ಲಿ ಅವರಿಗೆ ನಿದ್ದೆ ಹತ್ತುವುದಿಲ್ಲವಂತೆ.

ಅತಿಥಿ ಕೊಠಡಿಯಲ್ಲಿ ಗೀಸರ್ ಇತ್ತು. ಮರುದಿನ ಬೆಳಿಗ್ಗೆ ಅಜ್ಜಿ ಅದರಿಂದ ಒಂದು ಬಕೆಟ್ ಬಿಸಿನೀರು ತುಂಬಿಕೊಂಡು, ಕಂಡಕ್ಟರ್ ತಾತನ ಕೈಯಲ್ಲಿ ಹೊರಿಸಿಕೊಂಡು, ನರ್ಸಮ್ಮನ ಕೋಣೆಯತ್ತ ಹೊರಟರು. ನಡುದಾರಿಯಲ್ಲಿ ಸಲಹೆಗಾರರು ಎದುರಾದರು. ಅವರ ಸೂಚನೆಯಂತೆ ನಾನು ಕೆಳಕಂಡ ಸುತ್ತೋಲೆ ಹೊರಡಿಸಬೇಕಾಯಿತು:

"ಆಡಳಿತ ಶೀರ್ಷಿಕೆಯಲ್ಲಿ ಕಾಯಿಸಿದ ನೀರನ್ನು ಆರೈಕೆ ಶೀರ್ಷಿಕೆಯ ವ್ಯಕ್ತಿಗಳ ಮೈಮೇಲೆ ಹಾಕುವುದು ನಿಧಿಯ ಅಕ್ರಮ ವರ್ಗಾವಣೆಯಾಗುತ್ತದೆ. ಸದರಿ ನೀರು ಸಂಪೂರ್ಣ ತಣ್ಣಗಾದ ಬಳಿಕ ಒಯ್ಯಲು ಅಭ್ಯಂತರವಿರುವುದಿಲ್ಲ."

ನರ್ಸಮ್ಮ ಸುತ್ತೋಲೆ ಓದಿ, "ಹೋಗ್ಲಿ ಬಿಡಕ್ಕಾ. ನೀನಾದ್ರೂ ಬೆಚ್ಚಗಿರು," ಎಂದರು. ಅವರ ಬೆರಳುಗಳಿಗೆ ಹಾಳೆ ಮಡಿಸಲು ಆಗಲಿಲ್ಲ. ಅಜ್ಜಿ ಅದನ್ನು ನೋಡಿದರು. ನಾನೂ ನೋಡಿದೆ.

ಮುಂದುವರಿದ ಸಭೆಯಲ್ಲಿ ಅಜ್ಜಿ ಎದ್ದು ನಿಂತರು. "ನಮ್ಮ ನರ್ಸಮ್ಮನ್ನೂ ಟ್ರಸ್ಟಿ ಮಾಡಿ. 'ಒಬ್ಬರಾದರೂ' ಅಂತಿದೆ, ಒಬ್ಬರೇ ಅಂತ ಎಲ್ಲಿದೆ?"

ಅಧ್ಯಕ್ಷರು ಸಲಹೆಗಾರರ ಮುಖ ನೋಡಿದರು. ಸಲಹೆಗಾರರು ಲೆಕ್ಕ ಹಾಕಿದರು. ಒಬ್ಬ ಹಿರಿಯರು ಟ್ರಸ್ಟಿಯಾದರೆ ಆರೈಕೆಯ ಖರ್ಚು ಅಷ್ಟರಮಟ್ಟಿಗೆ ಇಳಿಯುತ್ತದೆ. ಆಡಳಿತದ ಖರ್ಚು ಏರುತ್ತದೆ ನಿಜ, ಆದರೆ ಅದನ್ನು ಕೇಳುವವರು ಯಾರು? ಎಲ್ಲರೂ ಟ್ರಸ್ಟಿಗಳಾಗಿಬಿಟ್ಟರೆ ಆರೈಕೆಯ ಖರ್ಚೇ ಇರುವುದಿಲ್ಲ. ಅಂಥ ಮಿತವ್ಯಯ ಯಾವ ಸಂಸ್ಥೆಯೂ ಸಾಧಿಸಿದ್ದಿಲ್ಲ.

"ಆದ್ರೆ ಬಹುಮತ ಅವರದ್ದಾಗತ್ತಲ್ರೀ?" ಎಂದು ಅಧ್ಯಕ್ಷರು ಪಿಸುಗುಟ್ಟಿದರು.

"ಆಗ್ಲಿ ಬಿಡಿ ಸಾರ್. ಅವರ ವಿಷಯ ಬಂದಾಗೆಲ್ಲ ಹೊರಗೆ ಹೋಗ್ತಾರೆ. ಇಲ್ಲಿ ಬರೋದೆಲ್ಲ ಅವರ ವಿಷಯವೇ."

ಹೀಗೆ ಹಿರಿಯರೆಲ್ಲರೂ ಒಂದೇ ಠರಾವಿನಲ್ಲಿ ಟ್ರಸ್ಟಿಗಳಾದರು. ಯಾವ ಪ್ರಯೋಜನವನ್ನೂ ಪಡೆಯದವರಿಗೆ ಸ್ವಂತ ಹಿತವಿರುವುದಿಲ್ಲ, ಸ್ವಂತ ಹಿತವಿಲ್ಲದವರನ್ನು ಹೊರಗೆ ಕಳಿಸುವಂತಿಲ್ಲ ಎಂಬ ಅಂಶವನ್ನು ಸಲಹೆಗಾರರು ಕೊಂಚ ತಡವಾಗಿ ಗಮನಿಸಿದರು. ಅಷ್ಟು ಜನಕ್ಕೆ ಅತಿಥಿ ಕೊಠಡಿ ಸಾಲದ್ದರಿಂದ ಹಿರಿಯರ ವಿಭಾಗವನ್ನೇ 'ಟ್ರಸ್ಟಿಗಳ ಅತಿಥಿಗೃಹ' ಎಂದು ಘೋಷಿಸಲಾಯಿತು. ಯಾರೂ ಮಂಚದಿಂದ ಇಳಿಯಬೇಕಾಗಲಿಲ್ಲ, ಬೋರ್ಡ್ ಬರೆಯುವವನು ಬಂದು ಬಾಗಿಲ ಮೇಲಿನ ಅಕ್ಷರ ಬದಲಿಸಿ ಹೋದ. ಕೆಟ್ಟ ಬಾಯ್ಲರ್ ಈಗ ಟ್ರಸ್ಟಿಗಳ ಬಾಯ್ಲರ್ ಆಯಿತು. ಆಡಳಿತದ ಖರ್ಚಿನಲ್ಲಿ ಮೂರೇ ದಿನದಲ್ಲಿ ರಿಪೇರಿಯಾಯಿತು, ಮೇಲೆ ಹಸಿರು ಬಣ್ಣವನ್ನೂ ಬಳಿದರು.

ಅಂದು ನರ್ಸಮ್ಮ ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಗಾಬರಿಯಾಗಿ ಟೈಲರ್ ಅಜ್ಜಿ ಕದ ತಟ್ಟಿದರು. ಒಳಗಿಂದ, "ಇರಕ್ಕಾ, ಇನ್ನೊಂದೇ ಒಂದು ಚೊಂಬು," ಎಂದು ನರ್ಸಮ್ಮನ ದನಿ ಮಗುವಿನಂತೆ ಬಂತು. ಅಜ್ಜಿ ಅಲ್ಲೇ ಗೋಡೆಗೊರಗಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು. ಸುತ್ತೋಲೆಯನ್ನು ನಾನೇ ಗೋಡೆಯಿಂದ ಕಿತ್ತು ಹಾಕಿದೆ.

ಆದರೆ ಇಲಾಖೆ ಎಂಬುದೊಂದು ಇದೆಯಲ್ಲ. ವರ್ಷಕ್ಕೊಮ್ಮೆ ಬರುವ ತಪಾಸಣಾಧಿಕಾರಿ ಬಂದು, ಉದ್ದನೆಯ ಮೇಜಿನ ಸುತ್ತ ಕುಳಿತ ಟ್ರಸ್ಟಿಗಳನ್ನು ಕಂಡು ಸಂತೋಷಪಟ್ಟರು. ಲೆಕ್ಕ ನೋಡಿ ಇನ್ನೂ ಸಂತೋಷಪಟ್ಟರು. ಆಮೇಲೆ ಕೇಳಿದರು, "ಎಲ್ಲಾ ಸರಿ. ಫಲಾನುಭವಿಗಳು ಎಲ್ಲಿ?"

"ಯಾರೂ ಇಲ್ಲ ಸಾರ್," ಎಂದೆ ಹೆಮ್ಮೆಯಿಂದ.

"ಒಬ್ಬರೂ ಇಲ್ವಾ? ಹಾಗಾದ್ರೆ ಸಂಸ್ಥೆ ಯಾಕ್ರೀ? ಸಂಜೆಯೊಳಗೆ ಒಬ್ಬರನ್ನಾದ್ರೂ ತೋರ್ಸಿ. ಇಲ್ಲಾಂದ್ರೆ ನೋಂದಣಿ ರದ್ದು."

ನೋಂದಣಿ ಹೋದರೆ ಮಂಚ, ಅನ್ನ, ಬಿಸಿನೀರು ಎಲ್ಲವೂ ಹೋಗುತ್ತದೆ. ನರ್ಸಮ್ಮ ಮೆಲ್ಲಗೆ, "ನಾನೇ ವಾಪಸ್ ಹೋಗ್ತೀನಿ. ತಣ್ಣೀರು ನನಗೆ ಅಭ್ಯಾಸ ಇದೆ," ಎಂದರು.

"ನೀನು ಸುಮ್ನೆ ಕೂತ್ಕೋ. ನಾನು ಹೋಗ್ತೀನಿ," ಎಂದು ಟೈಲರ್ ಅಜ್ಜಿ ಗದರಿದರು.

"ಇಬ್ರೂ ಹೋಗೋ ಹಾಗಿಲ್ಲ," ಎಂದರು ಸಲಹೆಗಾರರು. "ಸಭೆ ನಡೀತಿರುವಾಗ ವಾಸವಾಗಿರುವ ಟ್ರಸ್ಟಿ ರಾಜೀನಾಮೆ ಕೊಡೋ ಹಾಗಿಲ್ಲ. ನಮ್ಮ ಸಭೆ ಇನ್ನೂ ನಡೀತಾನೇ ಇದೆ. ಹೊರಗಿಂದ ಬರೋ ಟ್ರಸ್ಟಿಗಳಿಗೆ ಮಾತ್ರ ಅಡ್ಡಿ ಇಲ್ಲ."

ಹೊರಗಿಂದ ಬರುವವರು ತಮ್ಮತಮ್ಮ ಉಗುರು ನೋಡಿಕೊಂಡರು. ಕೊನೆಗೆ ಅಧ್ಯಕ್ಷರು ಕೆಮ್ಮಿದರು. ಅವರಿಗೆ ನರ್ಸಮ್ಮನಿಗಿಂತ ಎರಡು ವರ್ಷ ಹೆಚ್ಚೇ ವಯಸ್ಸು.

"ಸಂಸ್ಥೆಗೋಸ್ಕರ ನಾನು ತ್ಯಾಗಕ್ಕೆ ಸಿದ್ಧ," ಎಂದರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು, "ಮಧ್ಯಾಹ್ನ ಮಲಗೋಕೆ ಬಿಡ್ತಾರೆ ತಾನೇ?"

ಅಂದಿನಿಂದ ಅಧ್ಯಕ್ಷರು ನಮ್ಮ ಏಕೈಕ ಫಲಾನುಭವಿ. ಟೈಲರ್ ಅಜ್ಜಿ ಅವರ ಅಳತೆ ತೆಗೆದು ಎರಡು ಬೆಚ್ಚನೆಯ ಪೈಜಾಮ ಹೊಲಿದುಕೊಟ್ಟರು. ನರ್ಸಮ್ಮ ಆರೈಕೆ ಉಪಸಮಿತಿಯ ಸಂಚಾಲಕಿಯಾಗಿ ಬೆಳಿಗ್ಗೆ ಅವರ ನೀರಿಗೆ ಮೊಣಕೈ ಅದ್ದಿ ಹದ ನೋಡುತ್ತಾರೆ. ಅವರು ರಾತ್ರಿ ಸರಿಯಾಗಿ ನಿದ್ದೆ ಮಾಡಿದರೇ, ಸಾರಿಗೆ ಉಪ್ಪು ಸಾಕಾಯಿತೇ, ಕೆಮ್ಮು ಹೇಗಿದೆ ಎಂಬುದು ದಿನವೂ ಸಭೆಯ ಮೊದಲ ವಿಷಯ. ಒಂದು ಭಾನುವಾರ ಅವರ ಮಗ ಕಾರು ತಂದು, "ನಡೀರಪ್ಪಾ, ಜನ ಏನಂತಾರೆ?" ಎಂದ.

"ನಾಳೆ ನನ್ನ ಕೆಮ್ಮು ಚರ್ಚೆಗೆ ಬರತ್ತೆ ಕಣೋ," ಎಂದರು ಅಧ್ಯಕ್ಷರು. "ಮನೇಲಿ ಕೆಮ್ಮಿದ್ರೆ ನೀವು ಬಾಗಿಲು ಹಾಕ್ಕೋತೀರಿ. ಇಲ್ಲಿ ಠರಾವು ಮಾಡ್ತಾರೆ."

ಮಗ ಒಬ್ಬನೇ ಕಾರು ಹತ್ತಿ ಹೊರಟು ಹೋದ.

ಈ ಸುದ್ದಿ ಹಬ್ಬಿದ ಮೇಲೆ ಹೊರಗಿಂದ ಬರುವ ಉಳಿದ ಟ್ರಸ್ಟಿಗಳೂ ಒಬ್ಬೊಬ್ಬರಾಗಿ ಬಂದು, ತಾವೂ ಸಂಸ್ಥೆಗಾಗಿ ತ್ಯಾಗ ಮಾಡಲು ಸಿದ್ಧರೆಂದು ಅರ್ಜಿ ಕೊಟ್ಟರು. ಸಭೆಯು ಅರ್ಜಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿತು. ಆರೈಕೆಯ ಶೀರ್ಷಿಕೆಯಲ್ಲಿ ಸದ್ಯಕ್ಕೆ ಒಬ್ಬರಿಗಿಂತ ಹೆಚ್ಚು ಜನರನ್ನು ನೋಡಿಕೊಳ್ಳುವಷ್ಟು ಹಣವಿಲ್ಲವಾದ್ದರಿಂದ, ಫಲಾನುಭವಿಯ ಜಾಗ ಖಾಲಿಯಾದಾಗ ವಯಸ್ಸಿನ ಹಿರಿತನದಂತೆ ಕರೆಯಲಾಗುವುದೆಂದು ತಿಳಿಸಿತು. ಎಲ್ಲರೂ ಇದನ್ನು ನ್ಯಾಯವೆಂದು ಒಪ್ಪಿದ್ದಾರೆ. ಸಲಹೆಗಾರರೂ ಅರ್ಜಿ ಕೊಟ್ಟಿದ್ದಾರೆ. ಒಬ್ಬೊಬ್ಬರೂ ತಮ್ಮ ವಯಸ್ಸನ್ನು ನಾಲ್ಕೈದು ವರ್ಷ ಏರಿಸಿಯೇ ಬರೆದಿದ್ದಾರೆ. ನಾನು ಆರು ವರ್ಷ ಏರಿಸಿದ್ದೇನೆ.