ಮಾವನ ಮೀನಿಗೆ ಮೆತ್ತನೆ ಹಾಸಿಗೆ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಮೀಸೆ. ಅದೂ ಮೀನಿನದು.

ಮಾವ ಪ್ರವಾಸಕ್ಕೆ ಹೊರಡುವಾಗ ತಮ್ಮ ಮೀನಿನ ತೊಟ್ಟಿಯನ್ನು ದರ್ಜಿ ಅಳಿಯನ ಮನೆಗೆ ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಇಟ್ಟುಹೋಗಿದ್ದರು. ಒಳಗೆ ತಳದಲ್ಲೇ ಓಡಾಡುವ, ಕಿರುಬೆರಳುದ್ದದ ಪಟ್ಟೆಮೀನುಗಳು. ಅವತ್ತಿನಿಂದ ದರ್ಜಿ ನೆಲದ ಮೇಲೆ ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದ. ಇವತ್ತು ಸಂಜೆ ಮಾವ ತೊಟ್ಟಿ ಒಯ್ದರೆ ಮೇಜು ವಾಪಸ್ಸು, ಸೊಂಟಕ್ಕೂ ಬಿಡುಗಡೆ.

ಬೆಳಿಗ್ಗೆ ತಿಂಡಿ ಹಾಕುವಾಗ ನೋಡಿದರೆ ಒಂದು ಮೀನಿನ ಮೀಸೆ ಸವೆದು ಮೊಂಡಾಗಿದೆ!

"ನಂಗೊತ್ತು," ಅಂದರು ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು. ಏನೇ ಕೇಳಿ, ಹೀಗೇ ಶುರುಮಾಡುತ್ತಿದ್ದುದರಿಂದ ಬೀದಿಯವರು ಅವರಿಗಿಟ್ಟ ಹೆಸರೂ ಅದೇ. "ತಳದ ಜಲ್ಲಿ ಚೂಪು ಕಣಯ್ಯಾ. ಮೂತಿ ಉಜ್ಜಿ ಉಜ್ಜಿ ಸವೆದಿದೆ. ನಿಮ್ಮ ಮಾವ ಬಂದು ನೋಡಿದರೆ ನಿನ್ನ ಮೀಸೆ ಉಳಿಯುತ್ತಾ?"

"ಬಣ್ಣದ ಗೋಲಿ ಹಾಕೋಣ ರೀ, ಚೆಂದ ಕಾಣುತ್ತೆ," ಅಂದಳು ಹೆಂಡತಿ.

"ತಿಂಡಿಯೆಲ್ಲ ಗೋಲಿ ಸಂದಿಗೆ ಸೇರಿ ಕೊಳೆಯುತ್ತೆ ಕಣೇ."

ಪಕ್ಕದ ಮನೆಯ ಗಾರೆಯಣ್ಣ ಗೋಡೆಗೆ ಬಳಿಯುವ ಮರಳು ತಂದ. ದರ್ಜಿ ಒಂದು ಚಿಟಿಕೆ ತೆಗೆದು, ಕೂಸಿನ ಅಂಗಿಯ ಬಟ್ಟೆ ಪರೀಕ್ಷಿಸುವಂತೆ ಕೆನ್ನೆಗೆ ಉಜ್ಜಿಕೊಂಡ. "ಚುಚ್ಚುತ್ತೆ ಅಣ್ಣಾ."

"ಮೀನಿಗೇನು ರೇಷ್ಮೆ ಹಾಸಬೇಕಾ?" ಎಂದು ಗೊಣಗುತ್ತಲೇ ಗಾರೆಯಣ್ಣ ಹೊಳೆದಂಡೆಯ ಸಣ್ಣ ಮರಳು ತಂದುಕೊಟ್ಟ. ಅದು ಕೆನ್ನೆಗೆ ಹಿಟ್ಟಿನಷ್ಟು ನುಣುಪು. ದರ್ಜಿ ಅದನ್ನು ಜಾಲರಿ ಬಟ್ಟೆಯಲ್ಲಿ ಜಾಲಿಸಿ, ನೀರು ತಿಳಿಯಾಗುವವರೆಗೆ ತೊಳೆದು, ಜಲ್ಲಿ ತೆಗೆದು ಹಾಸಿದ. ಮೀನು ಬಿಟ್ಟು, ಒಳಗೆ ಹೋಗಿ ಚಹಾ ಕುಡಿದು ಬಂದ.

ತೊಟ್ಟಿ ಖಾಲಿ!

"ನಂಗೊತ್ತು, ಬೆಕ್ಕಿನ ಕೆಲಸ," ಅಂದರು ಹೆಡ್‌ಮಾಸ್ತರು.

"ಅಪ್ಪ ಬರೋ ಹೊತ್ತಾಯ್ತು, ಏನಾದ್ರೂ ಮಾಡಿ!" ಹೆಂಡತಿ ಬಾಯಿ ಬಡಿದುಕೊಂಡಳು.

ದರ್ಜಿ ಬಿದ್ದಂಬೀಳ ಓಡಿದ. ಸಾಕುಮೀನಿನ ಅಂಗಡಿಯಲ್ಲಿ ಮಾನ ಹೋದೀತೆಂದು ನಡೆದದ್ದು ಹೇಳಲಿಲ್ಲ. ಅದೇ ಜಾತಿಯವು ಬೇಕು ಅಂದ, ಅಷ್ಟೆ.

"ದೊಡ್ಡವಿಲ್ಲ, ಮರಿಗಳಿವೆ."

"ಕೊಡಿ ಕೊಡಿ." ಮಾವನಿಗೆ, ಕೊರಗಿ ಸೊರಗಿವೆ ಅಂದರಾಯಿತು ಎಂದುಕೊಂಡ.

ತಂದು ಬಿಟ್ಟದ್ದೇ ತಡ, ಮರಿಗಳೂ ಕಣ್ಣೆದುರೇ ಮೂತಿಯನ್ನು ಮರಳಿಗೆ ನುಗ್ಗಿಸಿ, ಬಾಲ ಅಲ್ಲಾಡಿಸಿ, ಒಳಗೆ ಸೇರಿಬಿಟ್ಟವು. ಹಳೆಯವು ಎಲ್ಲಿ ಹೋದವೆಂದು ದರ್ಜಿಗೆ ಆಗ ಹೊಳೆಯಿತು. ಅಷ್ಟರಲ್ಲಿ ಮಾವ ಹೊಸಿಲು ದಾಟಿದ್ದರು.

"ಎಲ್ಲಯ್ಯಾ ನನ್ನ ಮೀನು?"

ದರ್ಜಿ ತೊಟ್ಟಿಗೆ ಒಂದು ಚಿಟಿಕೆ ತಿಂಡಿ ಉದುರಿಸಿದ.

ಮರಳು ಮೆಲ್ಲಗೆ ಉಸಿರಾಡಿತು. ಇಲ್ಲೊಂದು ಮೀಸೆ, ಅಲ್ಲೊಂದು ಮೂತಿ. ನೋಡನೋಡುತ್ತಲೇ ತಳವೆಲ್ಲ ಜೀವ ಬಂದಂತೆ ಎದ್ದಿತು. ದೊಡ್ಡವು, ಚಿಕ್ಕವು ಒಟ್ಟಿಗೇ ಹೊರಬಂದು, ಬಾಯಿತುಂಬ ಮರಳು ತುಂಬಿಕೊಂಡು ಕಿವಿರಿನಿಂದ ಸೋಸಿ ಬಿಡತೊಡಗಿದವು. ಆ ನುಣುಪಿನಲ್ಲಿ ಅವು ಹೊರಳಾಡುವುದನ್ನು ಕಂಡು ದರ್ಜಿಗೆ ಮೈ ಜುಮ್ಮೆಂದಿತು. ತನ್ನ ಭಯವೂ ಮರೆತುಹೋಯಿತು.

"ನಂಗಿದು ಗೊತ್ತಿರಲಿಲ್ಲ," ಅಂದರು ಹೆಡ್‌ಮಾಸ್ತರು, ಹುಟ್ಟಿದಾಗಿನಿಂದ ಮೊದಲ ಸಲ.

ಮಾವನ ಕಣ್ಣು ತುಂಬಿತ್ತು. "ಮರಿ ಹಾಕಿವೆ! ಇಷ್ಟು ವರ್ಷ ಸಾಕಿದೆ, ಒಮ್ಮೆಯೂ ಹಾಕಿರಲಿಲ್ಲ. ಎಂಥ ಕೈಗುಣ ಅಳಿಯಂದಿರೇ!"

ಮದುವೆಯಾದಾಗಿನಿಂದ ಮಾವನ ಬಾಯಲ್ಲಿ ಅವನು "ಏನಯ್ಯಾ" ಆಗಿಯೇ ಉಳಿದಿದ್ದ. ನಿಜ ಹೇಳಲು ಬಾಯಿ ತೆರೆದವನನ್ನು ಹೆಂಡತಿ ಹಿಂದಿನಿಂದ ಚಿವುಟಿದಳು.

"ಈ ತೊಟ್ಟಿ ಇನ್ನು ಇಲ್ಲಿಂದ ಕದಲಬಾರದು," ಅಂದರು ಮಾವ. "ಮನೆಯಲ್ಲಿರೋ ಮಿಕ್ಕ ತೊಟ್ಟಿಗಳನ್ನೂ ನಾಳೆ ತಂದುಬಿಡ್ತೀನಿ." ಕೋಣೆಯೆಲ್ಲ ಸುತ್ತಿದ ಅವರ ಕಣ್ಣು ಹೊಲಿಗೆ ಮಿಷನ್ನಿನ ಮೇಲೆ ನಿಂತಿತು.

"ಅಳಿಯಂದಿರೇ, ಇದನ್ನು ಎತ್ತಿ ಹೊರಗಿಟ್ಟರೆ ಜಾಗ ಆಗುತ್ತಲ್ವಾ?"